ದಮ್ಮಿನವರ ಮುಳುಗು: ಎರಡು ನಿಷೇಧಗಳ ಇತಿಹಾಸ

ಹವ್ಯಾಸಕ್ಕಾಗಿ ಸಮುದ್ರಕ್ಕಿಳಿಯುವ ಸ್ಕೂಬಾ ಡೈವಿಂಗ್‌ನಲ್ಲಿ 1990ರ ದಶಕದ ಆರಂಭದವರೆಗೂ ಜಗತ್ತಿನ ಬಹುತೇಕ ಕಡೆ ಎರಡಕ್ಕೆ ಪ್ರವೇಶವಿರಲಿಲ್ಲ. ಒಂದು, ಅಸ್ತಮಾ ಇರುವ ಮನುಷ್ಯ. ಇನ್ನೊಂದು, ಆಮ್ಲಜನಕದ ಪಾಲು ಹೆಚ್ಚಿಸಿದ ಗಾಳಿ, ಅಂದರೆ ನೈಟ್ರಾಕ್ಸ್. ಎರಡೂ ನಿಷೇಧಗಳು ಕೆಲವೇ ವರ್ಷಗಳ ಅಂತರದಲ್ಲಿ ಸಡಿಲಗೊಂಡವು, ಎರಡೂ ಕಡೆ ಅಳತೆಯ ಉಪಕರಣವೇ ಬಾಗಿಲು ತೆರೆಯಿತು. ಇಷ್ಟು ಬಿಟ್ಟರೆ ಇವುಗಳಿಗೆ ಪರಸ್ಪರ ಸಂಬಂಧವಿಲ್ಲ. ಆದರೂ ಉಸಿರಾಟದ ತೊಂದರೆಗೆ ಆಮ್ಲಜನಕವೇ ಮದ್ದು ಎಂಬ ನಂಬಿಕೆ ಎಷ್ಟು ಹಳೆಯದೆಂದರೆ, ದಮ್ಮು ಇದ್ದವರು ನೈಟ್ರಾಕ್ಸ್ ಉಸಿರಾಡಿದರೆ ನಿಶ್ಚಿಂತೆಯಿಂದ ಮುಳುಗಬಹುದು ಎಂದು ಇವೆರಡನ್ನೂ ಗಂಟು ಹಾಕುವವರು ಇಂದಿಗೂ ಇದ್ದಾರೆ. ಆ ಗಂಟು ಹೇಗೆ ಬಿತ್ತು, ಯಾಕೆ ನಿಲ್ಲುವುದಿಲ್ಲ ಎಂಬುದನ್ನು ಎರಡೂ ಕಥೆಗಳನ್ನು ಬೇರೆ ಬೇರೆಯಾಗಿ ನೋಡಿದಾಗಲೇ ತಿಳಿಯುತ್ತದೆ.

ಮೊದಲು ಕಡಲಿನಿಂದ ದೂರದ ಒಳನಾಡಿನಿಂದಲೇ ಶುರು ಮಾಡೋಣ. ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ಹನುಮಸಾಗರದಂಥ ಊರಿಗೆ ಕಡಲು ಹುಬ್ಬಳ್ಳಿ ದಾಟಿ ಘಟ್ಟ ಇಳಿದ ಮೇಲಿನ ಮಾತು. ಈ ಎರೆ ಮತ್ತು ಮಸಾರಿ ಹೊಲಗಳ ಸೀಮೆಯಲ್ಲಿ ಮುಳುಗುವುದೆಂದರೆ ಬಾವಿಯಲ್ಲಿ ಮುಳುಗುವುದು. ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನೋ ಖಾಲಿ ಡಬ್ಬಿಯನ್ನೋ ಕಟ್ಟಿಕೊಂಡು ಹುಡುಗರು ಈಸು ಕಲಿಯುತ್ತಿದ್ದದ್ದು ಅಲ್ಲೇ. ಬಾವಿಗೆ ಬಿದ್ದ ಕೊಡ ಪಾತಾಳಗರಡಿಗೆ ಸಿಗದೆ ಹೋದರೆ ದಮ್ಮು ಕಟ್ಟಿ ತಳ ಮುಟ್ಟಿ ಬರುವ ಒಬ್ಬನನ್ನು ಕರೆಯುತ್ತಿದ್ದರು. ಈ ಬಾವಿಮುಳುಗಿಗೂ ಸ್ಕೂಬಾಕ್ಕೂ ಇರುವ ವ್ಯತ್ಯಾಸ ಬರೀ ಸಲಕರಣೆಯದಲ್ಲ. ದಂಡೆಯಲ್ಲಿ ಎಳೆದುಕೊಂಡ ಒಂದೇ ಉಸಿರಿನಲ್ಲಿ ಇಳಿದವನ ಎದೆಯೊಳಗಿನ ಗಾಳಿ ಹತ್ತು ಮೀಟರ್ ಆಳದಲ್ಲಿ ಒತ್ತಡಕ್ಕೆ ಸಿಕ್ಕಿ ಅರ್ಧಕ್ಕೆ ಕುಗ್ಗುತ್ತದೆ, ಮೇಲೆ ಬಂದಾಗ ಮೊದಲಿದ್ದಷ್ಟೇ ಆಗುತ್ತದೆ. ಅದಕ್ಕಿಂತ ಹೆಚ್ಚಾಗುವ ಪ್ರಶ್ನೆಯೇ ಇಲ್ಲ. ಉಸಿರು ಸಾಲದೆ ಹೋಗಬಹುದು, ಆದರೆ ಹಿಗ್ಗಿದ ಗಾಳಿ ಪುಪ್ಪುಸವನ್ನು ಹರಿಯಲಾರದು.

ದಮ್ಮಿನ ಬೇನೆಗೆ ಈ ಭಾಗದಲ್ಲಿ ತನ್ನದೇ ಪಂಚಾಂಗವಿದೆ. ಜೋಳದ ರಾಶಿ ಮಾಡುವಾಗಿನ ಸುಂಕು, ಕಲ್ಲು ಕ್ವಾರಿಗಳ ದೂಳು, ಮುಂಗಾರಿನ ಮೊದಲ ಥಂಡಿ, ಇವೆಲ್ಲ ಉಬ್ಬಸ ಕೆರಳಿಸುತ್ತವೆ. ಜೂನ್ ಮೊದಲ ವಾರದ ಆಚೀಚೆ ಮೃಗಶಿರಾ ಮಳೆ ಕೂಡುವ ಗಳಿಗೆಯಲ್ಲೇ ಔಷಧ ಸೇವಿಸಬೇಕೆಂಬ ನಂಬಿಕೆ ಇಲ್ಲಿ ಗಟ್ಟಿ. ಕೊಪ್ಪಳ ತಾಲ್ಲೂಕಿನ ಕುಟುಗನಹಳ್ಳಿಯಲ್ಲಿ ಆ ದಿನ ಉಚಿತವಾಗಿ ಕೊಡುವ ಅಸ್ತಮಾ ಔಷಧಕ್ಕೆ ಹೊರರಾಜ್ಯಗಳಿಂದಲೂ ಜನ ಬರುತ್ತಾರೆ. ಅದೇ ಮೃಗಶಿರಾದಂದು ಹೈದರಾಬಾದಿನಲ್ಲಿ ಬತ್ತಿನಿ ಮನೆತನದವರು ಜೀವಂತ ಮೀನಿನ ಬಾಯಲ್ಲಿ ಹಳದಿ ಲೇಹ ಇಟ್ಟು ನುಂಗಿಸುವ ಪದ್ಧತಿಯೂ ಇದೆ. ಅದು 1845ರಿಂದ ನಡೆದು ಬಂದಿದೆ ಎಂದು ಆ ಮನೆತನ ಹೇಳುತ್ತದೆ. ಕುಷ್ಟಗಿ ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲೂ 1956ರವರೆಗೆ ಹೈದರಾಬಾದ್ ರಾಜ್ಯದಲ್ಲೂ ಇದ್ದದ್ದರಿಂದ ಹೈದರಾಬಾದಿನ ದಾರಿ ಇಲ್ಲಿನವರಿಗೆ ಹೊಸದೇನಲ್ಲ. ಈ ಔಷಧಗಳ ಗುಣಕ್ಕೆ ವೈದ್ಯಕೀಯ ಪುರಾವೆ ಇಲ್ಲ. ಇಲ್ಲಿ ಗಮನಿಸಬೇಕಾದದ್ದು ಬೇರೆ: ವರ್ಷಕ್ಕೊಮ್ಮೆ ಔಷಧ ತೆಗೆದುಕೊಂಡು ‘ವಾಸಿಯಾಯಿತು’ ಎಂದುಕೊಂಡವರು, ಅಸ್ತಮಾ ಇದೆಯೇ ಎಂಬ ಪ್ರಶ್ನೆಗೆ ಇಲ್ಲ ಎಂದೇ ಉತ್ತರಿಸುತ್ತಾರೆ. ಸ್ಕೂಬಾಕ್ಕೆ ಇಳಿಯುವ ಮುಂಚೆ ಆರೋಗ್ಯ ಹೇಳಿಕೆ ತುಂಬುವ ಹೊತ್ತಿನಲ್ಲಿ ಅದು ದೊಡ್ಡ ವ್ಯತ್ಯಾಸ ಮಾಡುತ್ತದೆ.

ಸಂಕುಚಿತ ಗಾಳಿಯ ಮುಳುಗು ಜನಸಾಮಾನ್ಯರ ಕೈಗೆ ಬಂದದ್ದು 1943ರ ನಂತರ. ಆ ವರ್ಷ ಫ್ರಾನ್ಸಿನ ಜಾಕ್ ಕೂಸ್ಟೊ ಮತ್ತು ಎಮಿಲ್ ಗಾನ್ಯಾನ್ ರೂಪಿಸಿದ ಆಕ್ವಾಲಂಗ್, ಸುತ್ತಲಿನ ನೀರಿನ ಒತ್ತಡ ಎಷ್ಟಿದೆಯೋ ಅಷ್ಟೇ ಒತ್ತಡದ ಗಾಳಿಯನ್ನು ಮುಳುಗುವವರ ಬಾಯಿಗೆ ಒದಗಿಸುತ್ತಿತ್ತು. ಅಪಾಯ ಹುಟ್ಟುವುದೂ ಈ ಉಪಕಾರದಿಂದಲೇ. ಹತ್ತು ಮೀಟರ್ ಆಳದಲ್ಲಿ ಎದೆಯೊಳಗೆ ಐದು ಲೀಟರ್ ಗಾಳಿ ತುಂಬಿಕೊಂಡವರು ಉಸಿರು ಬಿಡದೆ ಮೇಲೆದ್ದರೆ ಅದು ಹತ್ತು ಲೀಟರ್ ಆಗಲು ಹವಣಿಸುತ್ತದೆ. ತುಂಬಿದ ಪುಪ್ಪುಸ ಹರಿಯಲು ಸುಮಾರು 1.2 ಮೀಟರ್‌ನಷ್ಟು ಮೇಲೇರಿಕೆ ಸಾಕು. ಆದ್ದರಿಂದ ಆಳವಿಲ್ಲದ ಕಡೆ ಹೆದರಬೇಕಿಲ್ಲ ಎಂಬುದು ತಪ್ಪು, ಹಿಗ್ಗುವಿಕೆ ಅತಿ ಹೆಚ್ಚಾಗುವುದು ಕೊನೆಯ ಹತ್ತು ಮೀಟರಿನಲ್ಲಿ. ಹರಿದ ಕಡೆಯಿಂದ ಗಾಳಿಗುಳ್ಳೆಗಳು ರಕ್ತಕ್ಕೆ ಸೇರಿ ಮಿದುಳು ತಲುಪಿದರೆ ನಿಮಿಷಗಳಲ್ಲೇ ಪ್ರಜ್ಞೆ ತಪ್ಪಬಹುದು.

ಸ್ಕೂಬಾದ ಮೊದಲ ನಿಯಮ ಉಸಿರು ಹಿಡಿಯಬಾರದು ಎಂಬುದು. ಅಸ್ತಮಾ ಇರುವವರು ಉಸಿರು ಹಿಡಿಯದಿದ್ದರೂ ಅವರ ಪುಪ್ಪುಸದ ಒಂದು ಮೂಲೆ ಹಿಡಿದಿರುತ್ತದೆ ಎಂಬುದು ವೈದ್ಯರ ಆತಂಕವಾಗಿತ್ತು. ಉಬ್ಬಸದಲ್ಲಿ ಸಣ್ಣ ಶ್ವಾಸನಾಳಗಳು ಬಿಗಿದು, ಲೋಳೆ ಕಟ್ಟಿ, ಗಾಳಿ ಒಳಹೋಗುವುದಕ್ಕಿಂತ ಹೊರಬರುವುದು ಕಷ್ಟವಾಗುತ್ತದೆ. ಹಾಗೆ ಸಿಕ್ಕಿಕೊಂಡ ಗಾಳಿಗೆ ಮೇಲೇರುವಾಗ ದಾರಿ ಇಲ್ಲ. ನೀರಿನೊಳಗಿನ ಪರಿಸ್ಥಿತಿಯೂ ಉಬ್ಬಸವನ್ನು ಕೆರಳಿಸಲೆಂದೇ ಕೂಡಿಸಿಟ್ಟಂತಿದೆ. ಸಿಲಿಂಡರಿನ ಗಾಳಿ ಒಣ, ತಂಪು. ಬಾಯಿಗೆ ಗಾಳಿ ಒದಗಿಸುವ ರೆಗ್ಯುಲೇಟರಿನಿಂದ ಉಪ್ಪುನೀರಿನ ತುಂತುರು ಒಳಗೆ ಹೋಗಬಹುದು, ಮತ್ತು ಆಸ್ಪತ್ರೆಗಳಲ್ಲಿ ಅಸ್ತಮಾ ಪತ್ತೆಗೆ ಬೇಕೆಂದೇ ಉಸಿರಾಡಿಸುವ ವಸ್ತುಗಳಲ್ಲಿ ಗಾಢ ಉಪ್ಪುನೀರಿನ ಮಂಜೂ ಒಂದು. ಆಳ ಹೆಚ್ಚಿದಂತೆ ಗಾಳಿ ದಟ್ಟವಾಗುತ್ತದೆ. 30 ಮೀಟರಿನಲ್ಲಿ ಆರೋಗ್ಯವಂತರೂ ಮೇಲೆ ಉಸಿರಾಡಬಲ್ಲ ಗಾಳಿಯ ಸುಮಾರು ಅರ್ಧದಷ್ಟನ್ನೇ ಗರಿಷ್ಠವಾಗಿ ಉಸಿರಾಡಬಲ್ಲರು. ಇದರ ಮೇಲೆ ಅಲೆಯ ವಿರುದ್ಧ ಈಜುವ ದಣಿವು, ಭಯ.

ಇನ್ನು ಆಮ್ಲಜನಕದ ಕಥೆ. ಜೋಸೆಫ್ ಪ್ರೀಸ್ಟ್ಲಿ 1774ರಲ್ಲಿ ಅದನ್ನು ಬೇರ್ಪಡಿಸಿದ ಕಾಲದಿಂದಲೂ ಅದಕ್ಕೆ ಔಷಧದ ಪಟ್ಟ ಅಂಟಿಕೊಂಡಿತ್ತು. ತಾನೇ ಉಸಿರಾಡಿ ನೋಡಿದ ಪ್ರೀಸ್ಟ್ಲಿ ಇದು ಮುಂದೆ ಎದೆರೋಗಕ್ಕೆ ಉಪಯೋಗವಾದೀತು ಎಂದು ಊಹಿಸಿದ್ದರು, ಆರೋಗ್ಯವಂತರನ್ನು ಇದು ಬೇಗ ಉರಿಸಿಬಿಟ್ಟೀತೇ ಎಂಬ ಸಂಶಯವನ್ನೂ ಆಗಲೇ ಬರೆದಿಟ್ಟಿದ್ದರು. 1799ರಲ್ಲಿ ಥಾಮಸ್ ಬೆಡೋಸ್ ಬ್ರಿಸ್ಟಲ್‌ನಲ್ಲಿ ನ್ಯೂಮ್ಯಾಟಿಕ್ ಇನ್‌ಸ್ಟಿಟ್ಯೂಷನ್ ಎಂಬ ಚಿಕಿತ್ಸಾಲಯ ತೆರೆದು, ಬಗೆಬಗೆಯ ಅನಿಲಗಳನ್ನು ಉಸಿರಾಡಿಸಿ ಅಸ್ತಮಾ, ಕ್ಷಯಗಳನ್ನು ಗುಣಪಡಿಸಲು ಹೊರಟರು. ಉಗಿಯಂತ್ರದ ಜೇಮ್ಸ್ ವಾಟ್ ಅದಕ್ಕೆ ಅನಿಲ ಉಪಕರಣ ರೂಪಿಸಿಕೊಟ್ಟರು, ಯುವಕ ಹಂಫ್ರಿ ಡೇವಿ ಪ್ರಯೋಗಾಲಯ ನೋಡಿಕೊಂಡರು. ರೋಗಗಳು ಗುಣವಾಗಲಿಲ್ಲ. ಆದರೆ ಆಮ್ಲಜನಕ ಮತ್ತು ದಮ್ಮಿನ ನಡುವಿನ ನಂಟು ಜನರ ಮನಸ್ಸಿನಲ್ಲಿ ಉಳಿಯಿತು. ಅದೇ ಹೊತ್ತಿಗೆ ದಮ್ಮಿಗೆ ನಿಜವಾಗಿ ಅಷ್ಟಿಷ್ಟು ಕೆಲಸ ಮಾಡುವ ಮದ್ದೊಂದು ಮದರಾಸಿನಿಂದ ಬ್ರಿಟನ್ನಿಗೆ ಹಡಗೇರಿತ್ತು: ದತ್ತೂರಿಯ ಹೊಗೆ. ಮುಂದಿನ ನೂರು ವರ್ಷ ಯುರೋಪಿನ ಅಸ್ತಮಾ ಸಿಗರೇಟುಗಳಿಗೆ ಅದೇ ಆಧಾರವಾಯಿತು.

ಆಮ್ಲಜನಕದ ಇನ್ನೊಂದು ಮುಖವನ್ನು ತೋರಿಸಿದವರು ಫ್ರಾನ್ಸಿನ ಪಾಲ್ ಬೇರ್. ಅವರು 1878ರಲ್ಲಿ ಪ್ರಕಟಿಸಿದ ಬೃಹತ್ ಗ್ರಂಥ ಎರಡು ವಿಷಯಗಳನ್ನು ಸ್ಥಾಪಿಸಿತು. ಒತ್ತಡದಲ್ಲಿ ರಕ್ತದೊಳಗೆ ಕರಗಿದ ಸಾರಜನಕ, ಒತ್ತಡ ಥಟ್ಟನೆ ಇಳಿದಾಗ ಗುಳ್ಳೆಯಾಗಿ ದೇಹವನ್ನು ಕಾಡುತ್ತದೆ. ಅಧಿಕ ಒತ್ತಡದ ಆಮ್ಲಜನಕವೋ ಸ್ವತಃ ವಿಷ, ಅದು ಸೆಳವು ತರಿಸುತ್ತದೆ. 1899ರಲ್ಲಿ ಲೊರೇನ್ ಸ್ಮಿತ್, ದೀರ್ಘಕಾಲ ಉಸಿರಾಡಿದ ಆಮ್ಲಜನಕ ಪುಪ್ಪುಸವನ್ನೇ ಹಾಳು ಮಾಡುವುದನ್ನು ತೋರಿಸಿದರು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಯ ಮುಳುಗುಗಾರರು ಶುದ್ಧ ಆಮ್ಲಜನಕ ಉಸಿರಾಡುತ್ತ ನೀರೊಳಗೆ ಪ್ರಜ್ಞೆ ತಪ್ಪತೊಡಗಿದಾಗ ಕೆನೆತ್ ಡೊನಾಲ್ಡ್ ನಡೆಸಿದ ಪ್ರಯೋಗಗಳು ಇನ್ನೂ ಕಳವಳಕಾರಿ ಸಂಗತಿ ಹೊರಗೆಡವಿದವು. ಸಹಿಸುವ ಶಕ್ತಿ ಒಬ್ಬರಿಂದೊಬ್ಬರಿಗೆ ಬೇರೆಯಾಗುವುದಷ್ಟೇ ಅಲ್ಲ, ಒಬ್ಬರಲ್ಲೇ ದಿನದಿಂದ ದಿನಕ್ಕೆ ಬದಲಾಗುತ್ತಿತ್ತು. ಸೆಳವು ಮುನ್ಸೂಚನೆ ಕೊಡದೆಯೂ ಬರುತ್ತಿತ್ತು. ಸುಮಾರು 7.6 ಮೀಟರಿಗಿಂತ ಕೆಳಗೆ ಶುದ್ಧ ಆಮ್ಲಜನಕದಲ್ಲಿ ಮುಳುಗುವುದು ಜೂಜು ಎಂಬ ಅವರ ತೀರ್ಮಾನ 1947ರಲ್ಲಿ ಬಹಿರಂಗವಾಯಿತು. ನೀರಿನೊಳಗೆ ಸೆಳವು ಬಂದವರ ಬಾಯಿಂದ ರೆಗ್ಯುಲೇಟರ್ ಜಾರಿದರೆ ಮುಂದಿನದು ಮುಳುಗಿ ಸಾಯುವುದೇ.

ಹಾಗಾದರೆ ಸಾರಜನಕವನ್ನು ಸ್ವಲ್ಪ ಕಡಿಮೆ ಮಾಡಿ, ಆಮ್ಲಜನಕವನ್ನು ಸೆಳವಿನ ಗೆರೆಯೊಳಗೇ ಹೆಚ್ಚಿಸಿದರೆ? ನೌಕಾಪಡೆಗಳು ಯುದ್ಧಕಾಲದಲ್ಲೇ ಗುಟ್ಟಾಗಿ ಬಳಸಿದ್ದ ಈ ಉಪಾಯವನ್ನು ಅಮೆರಿಕದ ಸಾಗರ ಮತ್ತು ವಾಯುಮಂಡಲ ಆಡಳಿತ ಸಂಸ್ಥೆಯ ಮಾರ್ಗನ್ ವೆಲ್ಸ್ ವಿಜ್ಞಾನಿ ಮುಳುಗುಗಾರರಿಗಾಗಿ ಒಪ್ಪಗೊಳಿಸಿದರು. 32 ಶೇಕಡ ಆಮ್ಲಜನಕದ ಮಿಶ್ರಣ 1979ರಲ್ಲಿ ಆ ಸಂಸ್ಥೆಯ ಕೈಪಿಡಿ ಸೇರಿತು. ಅಲ್ಲಿಂದ ನಿವೃತ್ತರಾದ ಡಿಕ್ ರುಟ್ಕೋವ್ಸ್ಕಿ 1985ರಲ್ಲಿ ಹವ್ಯಾಸಿಗಳಿಗೂ ಇದನ್ನು ಕಲಿಸಲು ಸಂಘ ಕಟ್ಟಿದಾಗ ಉದ್ಯಮ ಸಿಡಿದುಬಿತ್ತು. ನೈಟ್ರಾಕ್ಸ್‌ಗೆ ‘ಮಾಟದ ಗಾಳಿ’ ಎಂಬ ಹೆಸರೇ ಬಂತು. 1990ರ ದಶಕದ ಆರಂಭದಲ್ಲಿ ಅಮೆರಿಕದ ವಾರ್ಷಿಕ ಮುಳುಗು ಉದ್ಯಮ ಮೇಳ ನೈಟ್ರಾಕ್ಸ್ ಬೋಧಕರನ್ನು ಹೊರಗಿಡಲು ಹೊರಟಿತ್ತು. ಕೆಲವೇ ವರ್ಷ ಕಳೆದು, 1996ರ ಹೊತ್ತಿಗೆ, ಜಗತ್ತಿನ ಅತಿ ದೊಡ್ಡ ತರಬೇತಿ ಸಂಸ್ಥೆ ಪಾಡಿ ತಾನೇ ನೈಟ್ರಾಕ್ಸ್ ಕೋರ್ಸ್ ನಡೆಸುತ್ತಿತ್ತು. ಗಾಳಿ ಬದಲಾಗಿರಲಿಲ್ಲ. ಸಿಲಿಂಡರಿನಲ್ಲಿ ಆಮ್ಲಜನಕ ಎಷ್ಟಿದೆ ಎಂದು ಮುಳುಗುವವರೇ ಅಳೆದು, ಚೀಟಿ ಅಂಟಿಸಿ, ಸಹಿ ಹಾಕಿದ ಮೇಲೆಯೇ ನೀರಿಗಿಳಿಯುವ ಶಿಸ್ತು ಬಂದಿತ್ತು.

ಆ ಶಿಸ್ತಿನ ಲೆಕ್ಕ ಸರಳ. ಉಸಿರಾಡುವ ಆಮ್ಲಜನಕದ ಆಂಶಿಕ ಒತ್ತಡ, ಅಂದರೆ ಒಟ್ಟು ಒತ್ತಡದಲ್ಲಿ ಅದರ ಪಾಲು, 1.4 ವಾಯುಭಾರ ಮೀರಬಾರದು. 32 ಶೇಕಡ ಮಿಶ್ರಣಕ್ಕೆ ಆ ಗೆರೆ ಸುಮಾರು 33 ಮೀಟರಿನಲ್ಲಿ ಬೀಳುತ್ತದೆ, 36 ಶೇಕಡಕ್ಕೆ 29 ಮೀಟರಿನ ಒಳಗೇ. ಹೆಚ್ಚು ಆಮ್ಲಜನಕವೆಂದರೆ ಹೆಚ್ಚು ಆಳ ಎಂದುಕೊಂಡವರಿಗೆ ಇದು ತಲೆಕೆಳಗಾಗಿ ಕಾಣಬಹುದು. ಲಾಭ ಇರುವುದು ಸಮಯದಲ್ಲಿ. 20 ಮೀಟರ್ ಆಳದಲ್ಲಿ 32 ಶೇಕಡ ನೈಟ್ರಾಕ್ಸ್ ಉಸಿರಾಡುವವರ ದೇಹ, ಸುಮಾರು 16 ಮೀಟರಿನಲ್ಲಿ ಸಾಮಾನ್ಯ ಗಾಳಿ ಉಸಿರಾಡುವವರಷ್ಟೇ ಸಾರಜನಕ ಹೀರುತ್ತದೆ. 30 ಮೀಟರಿನಲ್ಲಿ ಗಾಳಿ ಉಸಿರಾಡುತ್ತ 20 ನಿಮಿಷ ಇರಬಹುದಾದರೆ ಈ ನೈಟ್ರಾಕ್ಸ್ ಉಸಿರಾಡುತ್ತ ಅರ್ಧ ತಾಸಿನ ಹತ್ತಿರ ಇರಬಹುದು.

ಅಸ್ತಮಾದ ನಿಷೇಧ ಬೇರೆ ದಾರಿಯಲ್ಲಿ ಕರಗಿತು. ಹವ್ಯಾಸಿ ಮುಳುಗಿನ ವೈದ್ಯಕೀಯ ನಿಯಮಗಳು ನೌಕಾಪಡೆಯ ಆಯ್ಕೆ ನಿಯಮಗಳ ಮಾದರಿಯವು. ಸಾವಿರಾರು ಯುವಕರಲ್ಲಿ ಕೆಲವರನ್ನು ಆರಿಸಿಕೊಳ್ಳುವವರಿಗೆ ಬಾಲ್ಯದಲ್ಲೊಮ್ಮೆ ಉಬ್ಬಸ ಬಂದಿದ್ದವರನ್ನೂ ಕೈಬಿಡುವುದು ಸುಲಭ. ಆ ನಿಯಮ ಬರೆದ ಕಾಲದ ಅಸ್ತಮಾ ರೋಗಿಯೂ ಬೇರೆ. ಒತ್ತಿ ಸೇದುವ ಇನ್ಹೇಲರ್ ಮಾರುಕಟ್ಟೆಗೆ ಬಂದದ್ದು 1956ರಲ್ಲಿ, ಉಬ್ಬಸ ತಗ್ಗಿಸುವ ಸಾಲ್ಬುಟಮಾಲ್ 1969ರಲ್ಲಿ, ಉರಿಯೂತವನ್ನೇ ತಗ್ಗಿಸುವ ಬೆಕ್ಲೊಮೆಥಸೋನ್ ಇನ್ಹೇಲರ್ 1972ರಲ್ಲಿ. 1959ರಲ್ಲಿ ರೈಟ್ ರೂಪಿಸಿದ ಪೀಕ್ ಫ್ಲೋ ಮೀಟರ್ ಕ್ರಮೇಣ ಅಂಗೈಯಗಲಕ್ಕೆ ಇಳಿದು, ಊದಿ ನೋಡಿದರೆ ಇವತ್ತಿನ ಉಸಿರಿನ ಬಲ ಎಷ್ಟೆಂದು ರೋಗಿಯೇ ಮನೆಯಲ್ಲಿ ತಿಳಿಯುವಂತಾಯಿತು. ಯಾರನ್ನು ಕಂಡು ನಿಷೇಧ ಹಾಕಿದ್ದರೋ ಆ ರೋಗಿ ಬದಲಾದ ಮೇಲೂ ನಿಷೇಧ ಇಪ್ಪತ್ತು ವರ್ಷ ಉಳಿದಿತ್ತು.

ಬ್ರಿಟನ್ ಮಾತ್ರ ಮೊದಲಿನಿಂದಲೂ ಸ್ವಲ್ಪ ಸಡಿಲ. ಅಲ್ಲಿ 1990ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಅಸ್ತಮಾ ಇರುವ 104 ಮುಳುಗುಗಾರರು ಉತ್ತರಿಸಿದ್ದರು. 12,000ಕ್ಕೂ ಹೆಚ್ಚು ಮುಳುಗುಗಳಲ್ಲಿ ಪುಪ್ಪುಸ ಹರಿದ ಒಂದು ಪ್ರಕರಣವೂ ಇರಲಿಲ್ಲ. ಈ ಅಂಕಿ ಬಹಳ ಕಡೆ ಉಲ್ಲೇಖಗೊಂಡಿದೆ, ಅತಿಯಾಗಿಯೂ ಉಲ್ಲೇಖಗೊಂಡಿದೆ. ನೀರಿನಲ್ಲಿ ಸತ್ತವರು ಪ್ರಶ್ನಾವಳಿ ತುಂಬುವುದಿಲ್ಲ, ಉಬ್ಬಸ ಬಂದು ಹವ್ಯಾಸ ಬಿಟ್ಟವರೂ ತುಂಬುವುದಿಲ್ಲ. ಹಾಗಿದ್ದರೂ, ಅಸ್ತಮಾ ಎಂದರೆ ಖಚಿತ ಸಾವು ಎಂಬ ವಾದವನ್ನು ಅದು ಮುರಿಯಿತು. 1995ರಲ್ಲಿ ಅಮೆರಿಕದ ಜಲಾಂತರ ವೈದ್ಯಕೀಯ ಸಂಘ ತಜ್ಞರನ್ನು ಸೇರಿಸಿ, ಅಸ್ತಮಾ ಇರುವವರು ಮುಳುಗಲು ಯೋಗ್ಯರೇ ಎಂಬ ಒಂದೇ ಪ್ರಶ್ನೆಯ ಮೇಲೆ ಕಮ್ಮಟ ನಡೆಸಿತು. ಡೇವಿಡ್ ಎಲಿಯಟ್ ಸಂಪಾದಿಸಿದ ಅದರ ವರದಿಯ ನಂತರ ಚರ್ಚೆ ‘ರೋಗ ಇದೆಯೇ’ ಎಂಬುದರಿಂದ ‘ಇವತ್ತು ಶ್ವಾಸನಾಳ ಹೇಗಿದೆ’ ಎಂಬುದಕ್ಕೆ ಹೊರಳಿತು. ಆಸ್ಟ್ರೇಲಿಯಾದ ವೈದ್ಯರು ಇನ್ನೂ ಬಹುಕಾಲ ಬಿಗಿಯಾಗಿಯೇ ಇದ್ದರು.

2003ರಲ್ಲಿ ಬ್ರಿಟಿಷ್ ಥೊರಾಸಿಕ್ ಸೊಸೈಟಿ ಹೊರಡಿಸಿದ ಮಾರ್ಗಸೂಚಿ ಈ ಹೊರಳುವಿಕೆಯನ್ನು ಅಂಕಿಗಳಲ್ಲಿ ಹಿಡಿದಿಟ್ಟಿತು. ನಿತ್ಯದ ಉರಿಯೂತ ನಿವಾರಕ ಇನ್ಹೇಲರ್ ತೆಗೆದುಕೊಳ್ಳುತ್ತಿದ್ದರೂ ಅಡ್ಡಿಯಿಲ್ಲ, ಆದರೆ ಲಕ್ಷಣಗಳಿರಬಾರದು. ಊದುವ ಗಾಳಿಯನ್ನು ಅಳೆಯುವ ಸ್ಪೈರೋಮೆಟ್ರಿಯಲ್ಲಿ ಮೊದಲ ಸೆಕೆಂಡಿನಲ್ಲಿ ಊದುವ ಗಾಳಿ ನಿರೀಕ್ಷಿತ ಪ್ರಮಾಣದ 80 ಶೇಕಡ ಮೀರಿರಬೇಕು. ವ್ಯಾಯಾಮ ಮಾಡಿಸಿ ಅಳೆದರೆ ಅದು 15 ಶೇಕಡದಷ್ಟು ಕುಸಿಯಬಾರದು. ವ್ಯಾಯಾಮ, ಥಂಡಿ, ಭಾವೋದ್ವೇಗ ಇವುಗಳಿಂದ ಉಬ್ಬಸ ಬರುವವರು ಮುಳುಗಲೇಬಾರದು. ಮುಳುಗುವ ದಿನಗಳಲ್ಲಿ ಪೀಕ್ ಫ್ಲೋ ತಮ್ಮ ಅತ್ಯುತ್ತಮ ಅಳತೆಗಿಂತ 10 ಶೇಕಡಕ್ಕೂ ಹೆಚ್ಚು ಇಳಿದಿದ್ದರೆ, ಅಥವಾ ಹಿಂದಿನ 48 ಗಂಟೆಗಳಲ್ಲಿ ಉಬ್ಬಸ ತಗ್ಗಿಸಲು ಸಾಲ್ಬುಟಮಾಲ್‌ನಂಥ ಔಷಧ ಬೇಕಾಗಿದ್ದರೆ ಅವತ್ತು ದಂಡೆಯೇ ಗತಿ. ನೀರಿಗಿಳಿಯುವ ಮುಂಚೆ ಎರಡು ಪಫ್ ಎಳೆದುಕೊಂಡರಾಯಿತು ಎಂಬ ರೂಢಿಯ ಜಾಣತನ ಇಲ್ಲಿ ನಡೆಯುವುದಿಲ್ಲ. ಪಫ್ ಬೇಕೆನಿಸಿದ್ದೇ ಇಳಿಯಬಾರದೆಂಬುದಕ್ಕೆ ಗುರುತು.

ಈಗ ಗಂಟಿನ ವಿಚಾರ. ನೈಟ್ರಾಕ್ಸ್ ಉಸಿರಾಡಿದರೆ ಅಸ್ತಮಾ ಇರುವವರಿಗೆ ಆಗುವ ಅನುಕೂಲವೇನು? ಉಸಿರು ಹಗುರಾಗುವುದಿಲ್ಲ. ಆಮ್ಲಜನಕ ಸಾರಜನಕಕ್ಕಿಂತ ತುಸು ಭಾರ, ಹಾಗಾಗಿ ನೈಟ್ರಾಕ್ಸ್ ಗಾಳಿಗಿಂತ ಕೂದಲೆಳೆಯಷ್ಟು ಹೆಚ್ಚೇ ದಟ್ಟ. ಬಿಗಿದ ಶ್ವಾಸನಾಳದಲ್ಲಿ ಸಲೀಸಾಗಿ ಹರಿಯುವ ಅನಿಲ ಬೇಕಿದ್ದರೆ ಅದು ಹೀಲಿಯಂ. ನ್ಯೂಯಾರ್ಕಿನ ಆಲ್ವನ್ ಬರಾಕ್ 1930ರ ದಶಕದ ಮಧ್ಯದಲ್ಲಿ ಹೀಲಿಯಂ-ಆಮ್ಲಜನಕ ಮಿಶ್ರಣವನ್ನು ತೀವ್ರ ಅಸ್ತಮಾಕ್ಕೆ ಬಳಸಿದ್ದರು. ಇನ್ನು ಸಿಕ್ಕಿಕೊಂಡ ಗಾಳಿ ಹಿಗ್ಗುವ ಅಪಾಯ: ಒತ್ತಡ ಇಳಿದಷ್ಟೂ ಅನಿಲ ಹಿಗ್ಗುತ್ತದೆ ಎನ್ನುವ ಬಾಯ್ಲನ ನಿಯಮಕ್ಕೆ ಅನಿಲ ಯಾವುದೆಂಬುದು ಲೆಕ್ಕಕ್ಕಿಲ್ಲ. 21 ಶೇಕಡ ಆಮ್ಲಜನಕವಿರಲಿ, 36 ಇರಲಿ, ದಾರಿ ಮುಚ್ಚಿದ್ದರೆ ಪುಪ್ಪುಸ ಅದೇ ಆಳದಲ್ಲಿ ಹರಿಯುತ್ತದೆ. ಮೇಲಾಗಿ ಮಿಶ್ರಣದ ಗೆರೆ ಮೀರಿ ಇಳಿದರೆ ಸೆಳವಿನ ಭಯ ಹೊಸದಾಗಿ ಸೇರಿಕೊಳ್ಳುತ್ತದೆ.

ಎರಡು ಕಥೆಗಳು ನಿಜವಾಗಿ ಹತ್ತಿರ ಬರುವ ಜಾಗ ಒಂದೇ. ರಕ್ತದಲ್ಲಿ ಮೂಡುವ ಸಾರಜನಕದ ಸಣ್ಣ ಗುಳ್ಳೆಗಳನ್ನು ಪುಪ್ಪುಸದ ಲೋಮನಾಳಗಳು ಸಾಮಾನ್ಯವಾಗಿ ತಡೆದು ಹೊರಹಾಕುತ್ತವೆ. ಹಳೆಯ ಅಸ್ತಮಾ ಔಷಧವಾದ ಅಮಿನೊಫಿಲಿನ್ ಕೊಟ್ಟ ನಾಯಿಗಳಲ್ಲಿ ಆ ಗುಳ್ಳೆಗಳು ಜಾರಿ ಅಪಧಮನಿ ಸೇರಿದ್ದು ಪ್ರಯೋಗಗಳಲ್ಲಿ ಕಂಡಿದೆ. ಸಾರಜನಕ ಕಡಿಮೆಯಾದರೆ ಗುಳ್ಳೆಯೂ ಕಡಿಮೆ, ಆದ್ದರಿಂದ ಯೋಗ್ಯರೆಂದು ವೈದ್ಯರು ಒಪ್ಪಿದ ಅಸ್ತಮಾ ಮುಳುಗುಗಾರರು ಸಾಮಾನ್ಯ ಗಾಳಿಗೆಂದು ಮುಳುಗು ಕೋಷ್ಟಕ ಆಳವಾರು ಗೊತ್ತುಮಾಡಿದ ಸಮಯವನ್ನೇ ಪಾಲಿಸುತ್ತ ನೈಟ್ರಾಕ್ಸ್ ಬಳಸಿದರೆ ಒಂದಿಷ್ಟು ಹೆಚ್ಚಿನ ಅಂತರ ಸಿಗುತ್ತದೆ. ಈ ಅನುಕೂಲ ಅಸ್ತಮಾ ಇಲ್ಲದವರಿಗೂ ಅಷ್ಟೇ ಸಲ್ಲುತ್ತದೆ. ಯೋಗ್ಯತೆ ಇಲ್ಲದವರನ್ನು ಅದು ಯೋಗ್ಯರನ್ನಾಗಿ ಮಾಡುವುದಿಲ್ಲ.

ಕರ್ನಾಟಕದಲ್ಲಿ ಈ ಪ್ರಶ್ನೆಗಳೆಲ್ಲ ಬಂದು ಸೇರುವ ಜಾಗ ನೇತ್ರಾಣಿ. ಭಟ್ಕಳ ತಾಲ್ಲೂಕಿನ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ಈ ಹವಳದ ದ್ವೀಪವನ್ನು ನೌಕಾಪಡೆ ಗುಂಡಿನ ಅಭ್ಯಾಸಕ್ಕೆ ಬಳಸುತ್ತಿತ್ತು. ಈ ಶತಮಾನದಲ್ಲಿ ಅದು ರಾಜ್ಯದ ಸ್ಕೂಬಾ ಕೇಂದ್ರವಾಯಿತು. 2022ರ ಅಕ್ಟೋಬರಿನಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ಇಲ್ಲಿನ ನೀರಿಗಿಳಿದದ್ದನ್ನು ಕಂಡ ಮೇಲೆ ಕಡಲನ್ನೇ ನೋಡಿರದ ಒಳನಾಡಿನವರಿಗೂ ಈ ಹೆಸರು ಪರಿಚಯವಾಯಿತು. ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ಇಲ್ಲಿ ಮೊದಲ ಬಾರಿ ಇಳಿಯುವವರನ್ನು ತರಬೇತುದಾರರು ಹಿಡಿದುಕೊಂಡೇ ಕರೆದೊಯ್ಯುತ್ತಾರೆ. ಇಂಥ ಪರಿಚಯ ಮುಳುಗಿಗೆ 12 ಮೀಟರ್ ಮಿತಿ.

ಆ ಬೆನ್ನಿನ ಸಿಲಿಂಡರನ್ನು ಪತ್ರಿಕೆಗಳೂ ಪ್ರವಾಸಿಗರೂ ಆಕ್ಸಿಜನ್ ಸಿಲಿಂಡರ್ ಎಂದೇ ಕರೆಯುತ್ತಾರೆ. 2021ರ ಕೋವಿಡ್ ಅಲೆಯಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಆಸ್ಪತ್ರೆಗಳಿಗೆ ಹೊರಟ ಟ್ಯಾಂಕರುಗಳನ್ನು ಕಂಡ ಕೊಪ್ಪಳ, ಬಳ್ಳಾರಿ ಸೀಮೆಯವರಿಗೆ ಸಿಲಿಂಡರ್ ಎಂದರೆ ಜೀವ ಉಳಿಸುವ ಆಮ್ಲಜನಕ ಎಂಬ ಭಾವ ಇನ್ನೂ ಬಲವಾಗಿರುವುದು ಸಹಜ. ಪರಿಚಯ ಮುಳುಗಿನ ಸಿಲಿಂಡರಿನಲ್ಲಿ ಇರುವುದು ಸೋಸಿ ಒತ್ತಿ ತುಂಬಿದ ಮಾಮೂಲಿ ಗಾಳಿ. ನೈಟ್ರಾಕ್ಸ್ ಇಲ್ಲಿ ಬೇಕಾಗಿಯೂ ಇಲ್ಲ: ಪಾಡಿ ಕೋಷ್ಟಕದ ಪ್ರಕಾರ 12 ಮೀಟರಿನಲ್ಲಿ ಗಾಳಿ ಉಸಿರಾಡುತ್ತಲೇ 147 ನಿಮಿಷ ಇರಬಹುದು, ಅದಕ್ಕೆ ಎಷ್ಟೋ ಮುಂಚೆ ಸಿಲಿಂಡರ್ ಖಾಲಿಯಾಗುತ್ತದೆ.

ದೋಣಿ ಹತ್ತುವ ಮುಂಚೆ ತುಂಬಬೇಕಾದ ಆರೋಗ್ಯ ಹೇಳಿಕೆಯಲ್ಲಿ ಅಸ್ತಮಾದ ಪ್ರಶ್ನೆ ಇರುತ್ತದೆ, ಹೌದು ಎಂದರೆ ವೈದ್ಯರ ಸಹಿ ಬೇಕು. ಹನುಮಸಾಗರದಿಂದ ರಾತ್ರಿಯಿಡೀ ಗಾಡಿ ಓಡಿಸಿಕೊಂಡು, ಹಣ ಕಟ್ಟಿ, ಗೆಳೆಯರ ಗುಂಪಿನೊಂದಿಗೆ ಬಂದು ನಿಂತವರು ಆ ಗಳಿಗೆಯಲ್ಲಿ ಇಲ್ಲ ಎಂದು ಗೀಚುವ ಸಂಭವವೇ ಹೆಚ್ಚು. ಸ್ಪೈರೋಮೆಟ್ರಿ ಮತ್ತು ವ್ಯಾಯಾಮ ಪರೀಕ್ಷೆ ಕಡಲ ದಂಡೆಯಲ್ಲಿ ಆಗುವಂಥವಲ್ಲ. ಹೊರಡುವ ಕೆಲವು ವಾರಗಳ ಮುಂಚೆ ಹುಬ್ಬಳ್ಳಿಯಂಥ ಊರಿನ ಎದೆರೋಗ ತಜ್ಞರಲ್ಲಿ ಮಾಡಿಸಿಕೊಂಡು, ಇಳಿಯುವ ದಿನ ಬೆಳಗ್ಗೆ ಪೀಕ್ ಫ್ಲೋ ಊದಿ ನೋಡಿದರೆ ಮಾರ್ಗಸೂಚಿ ಕೇಳುವಷ್ಟು ಆಯಿತು. ಪರಿಚಯ ಮುಳುಗೇ ತಾನೆ, ಆಳ ಕಡಿಮೆ ಎಂಬ ಸಮಾಧಾನಕ್ಕೆ ಭೌತಶಾಸ್ತ್ರದ ಬೆಂಬಲವಿಲ್ಲ.

ಮುಳುಗಿನಲ್ಲಿ ಆಮ್ಲಜನಕ ನಿಜವಾಗಿ ಔಷಧವಾಗುವುದು ನೀರಿನಿಂದ ಮೇಲೆ ಬಂದ ಮೇಲೆ. ಪುಪ್ಪುಸ ಹರಿದು ಗುಳ್ಳೆಗಳು ರಕ್ತ ಸೇರಿದ ಅನುಮಾನವಿದ್ದರೆ ದೋಣಿಯಲ್ಲೇ ನೂರು ಶೇಕಡ ಆಮ್ಲಜನಕ ಉಸಿರಾಡಿಸುವುದು ಮೊದಲ ಚಿಕಿತ್ಸೆ. ಅದು ರಕ್ತದಿಂದ ಸಾರಜನಕವನ್ನು ಹೊರಗೆಳೆದು ಗುಳ್ಳೆಗಳನ್ನು ಕುಗ್ಗಿಸುತ್ತದೆ. ನಂತರದ್ದು ಒತ್ತಡದ ಕೋಣೆಯೊಳಗಿನ ಚಿಕಿತ್ಸೆ. ಭಾರತದಲ್ಲಿ ಈ ವಿದ್ಯೆ ಬೆಳೆದದ್ದು ಮುಖ್ಯವಾಗಿ ನೌಕಾಪಡೆಯ ಆಸ್ಪತ್ರೆಗಳಲ್ಲಿ, ಮುಂಬಯಿಯ ಅಶ್ವಿನಿ ಆಸ್ಪತ್ರೆ ಆವರಣದ ನೌಕಾ ವೈದ್ಯಕೀಯ ಸಂಸ್ಥೆ ಅದರ ಶಿಕ್ಷಣ ಕೇಂದ್ರ.